ಅಮಾಸೆಗೂ ಒಂದನೇ ತಾರೀಖಿಗೂ ನಡುವೆ

ಕಟ್ಟಾಯ
4-2-2001

ಮಗ ರೂಪಶ್ರೀ,

ಕಾಗದದ ತಲೇಲಿ ‘ಇತ್ತ ನಾವೆಲ್ಲ ಕ್ಷೇಮ’ ಅಂತ ಬರೀಬೇಕಂತೆ. ಸುಳ್ಳು ಬರೆಯೋಕೆ ಇಂಕು ದಂಡ. ಕ್ಷೇಮ ಇದ್ದಿದ್ರೆ ನಾನ್ಯಾಕೆ ಪೆನ್ನು ಹಿಡೀತಿದ್ದೆ?

ಫೋನ್ ಮಾಡಬಹುದಿತ್ತಲ್ಲ ದೊಡ್ಡಪ್ಪ ಅಂತೀಯ. ಮಂಜುನಾಥನ ಬೂತಿನಲ್ಲಿ ನಾನು ಮಾತಾಡಿದ್ರೆ ಬಸ್‌ಸ್ಟ್ಯಾಂಡಿನ ತನಕ ಕೇಳುತ್ತೆ. ಹೋದ ಸಲ ‘ಜ್ವರ ಬಿಡ್ತೇನವ್ವ’ ಅಂತ ನಿನ್ನ ಕೇಳಿದ್ದಕ್ಕೆ ಸಾಯಂಕಾಲದ ಹೊತ್ತಿಗೆ ಊರೆಲ್ಲ ನಿನಗೆ ಮಲೇರಿಯಾ ಆಗಿತ್ತು.

ವಿಷಯ ಇಷ್ಟೆ. ಮನೆ ಭಾಗ ಆಗಬೇಕು. ನಿಮ್ಮಪ್ಪ ರಾಮಣ್ಣ ಇರೋ ತನಕ ಒಂದೇ ಒಲೇಲಿ ನಡೀತು. ಅವನು ಹೋದ, ಒಲೆ ಎರಡಾಯ್ತು. ಈಗ ನಿಮ್ಮಣ್ಣ ಅರುಣ್‌ಕುಮಾರನಿಗೆ ಅರಕಲಗೂಡು ಕಡೆ ಹೆಣ್ಣು ಕುದುರಿದೆ. ಅವರು ಬುದ್ಧಿವಂತರು. ‘ಮೊದಲು ಭಾಗ ಆಗಲಿ, ನಡುವೆ ಗೋಡೆ ಏಳಲಿ, ಆಮೇಲೆ ಲಗ್ನದ ಮಾತು’ ಅಂದರು. ನಮ್ಮ ಪದ್ಧತಿ ನಿನಗೆ ಗೊತ್ತು. ಹಿರಿಯ ಭಾಗ ಮಾಡಬೇಕು, ಕಿರಿಯ ಮೊದಲು ಆರಿಸ್ಕೋಬೇಕು. ಆವಾಗ ಹಿರಿಯ ವಕ್ರ ಕುಯ್ಯಲ್ಲ. ನಾನು ನೆಟ್ಟಗೇ ಕುಯ್ದಿದೀನಿ, ಯಾರು ಬೇಕಾದ್ರೂ ಬಂದು ನೋಡ್ಲಿ.

ಹಾಸನದ ವಕೀಲ ಒಂದು ಕೊಕ್ಕೆ ಹಾಕ್ದ. ತೊಂಬತ್ನಾಲ್ಕರಲ್ಲಿ ಮದುವೆ ಆಗದೆ ಇದ್ದ ಹೆಣ್ಣುಮಕ್ಕಳಿಗೂ ಕಾನೂನಲ್ಲಿ ಪಾಲು ಉಂಟಂತೆ. ಅದಕ್ಕೆ ನೀನು ಬಂದು ‘ನಂದು ಬಿಟ್ಟುಕೊಟ್ಟೆ’ ಅಂತ ರುಜು ಹಾಕಬೇಕು. ನಿನ್ನ ಲಗ್ನ ನಾವು ಮಾಡ್ತೀವಿ, ಅದಕ್ಕೇನು. ಶಿವರಾತ್ರಿ ಕಳೆದು ಬಾ.

ಇನ್ನೊಂದು. ಆರು ವರ್ಷದಿಂದ ಆ ಮುಂಬಯಿಯಲ್ಲಿ ಏನು ಓದ್ತೀಯ? ನಾನು ನಾಲ್ಕನೇ ಕ್ಲಾಸಲ್ಲಿ ಸ್ಲೇಟು ಬಿಸಾಕಿ ಬಂದೋನು, ನಿಜ. ಆದರೂ ಜನ ಕೇಳಿದ್ರೆ ಒಂದು ಉತ್ತರ ಬೇಕಲ್ಲ? ನಿಮ್ಮವ್ವ ‘ಏನೋ ಮೋಟಾರಂತೆ’ ಅಂದ್ಲು. ಕೆಳಗಲ ಮನೆ ಮಂಚಯ್ಯ ಕೇಳಿಸ್ಕೊಂಡು, ‘ಹಂಗಾದ್ರೆ ಒಳ್ಳೇದಾಯ್ತು ಕಣ್ಲಾ ಚಂದ್ರ, ನನ್ನ ಪಂಪ್‌ಸೆಟ್ಟು ಸುಟ್ಟೋಗಿ ಕೂತದೆ, ಕೂಸು ಬಂದಾಗ ಕಾಯಿಲ್ ಕಟ್ಟಿಸ್ಕೊಳ್ಳಾಣ’ ಅಂತ ಹಲ್ಲು ಕಿರಿದ. ನಾನು ಬೈದು ಕಳಿಸ್ದೆ. ಆದರೆ ಏನು ಅಂತ ನಂಗೂ ಗೊತ್ತಿರಲಿಲ್ಲ.

ನಿನ್ನ ಸೋದರತ್ತೆ ದ್ಯಾವಿ ದಿನಾ ಕೇಳ್ತಾಳೆ, ಕೂಸು ಯಾವಾಗ ಬತ್ತದೆ ಅಂತ.

ಇಂತಿ ದೊಡ್ಡಪ್ಪ
ಚಂದ್ರಯ್ಯ

*

ಮುಂಬಯಿ
19-2-2001

ದೊಡ್ಡಪ್ಪನಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ಶಿವರಾತ್ರಿಗೆ ಬರುವುದು ಕಷ್ಟ, ಇಲ್ಲಿ ರಜೆ ಕೊಡುವುದಿಲ್ಲ. ಅಣ್ಣನಿಗೆ ಹೆಣ್ಣು ಗೊತ್ತಾದದ್ದು ಕೇಳಿ ಸಂತೋಷವಾಯಿತು.

ಏನು ಓದುತ್ತೀಯ ಎಂದು ಕೇಳಿದಿರಲ್ಲ. ಮನೆಯಲ್ಲಿ ಇಷ್ಟು ವರ್ಷಕ್ಕೆ ಯಾರಾದರೂ ಕೇಳಿದ್ದು ಇದೇ ಮೊದಲು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಚಿಕ್ಕ ಕೋಶಗಳಿಂದ ಆದದ್ದು. ಗಾಯ ಮಾಯುವುದು, ಕೂಸು ಬೆಳೆಯುವುದು, ಎಲ್ಲ ಒಂದು ಕೋಶ ಎರಡಾಗುವುದರಿಂದ. ಆದರೆ ಅದು ಸುಮ್ಮನೆ ಮಣ್ಣಿನ ಹೆಂಟೆ ಒಡೆದ ಹಾಗೆ ಒಡೆಯುವುದಿಲ್ಲ. ಕೋಶದ ಒಳಗೆ ಅದರ ಹುಟ್ಟುಗುಣವೆಲ್ಲ ಬರೆದಿಟ್ಟ ವರ್ಣತಂತುಗಳು ಇರುತ್ತವೆ. ಮೊದಲು ಅವು ಒಂದೊಂದೂ ಎರಡಾಗಿ ಜೋಡಿಯಾಗುತ್ತವೆ. ಆಮೇಲೆ ಎರಡು ಬದಿಯಿಂದ ಸಣ್ಣ ಹುರಿಗಳು ಹೊರಟು ಆ ಜೋಡಿಗಳನ್ನು ಹಿಡಿಯುತ್ತವೆ. ಆ ಹುರಿಗಳ ಮೇಲೆ ಹೊರೆ ಹೊತ್ತು ನಡೆಯುವ, ಹುರಿಯನ್ನು ಎಳೆಯುವ, ತಳ್ಳುವ ಪುಟ್ಟ ಯಂತ್ರಗಳಿವೆ. ಅವೇ ಮೋಟಾರ್ ಪ್ರೋಟೀನ್. ಮಂಚಯ್ಯನವರಿಗೆ ಹೇಳಿ, ಇವಕ್ಕೆ ಕಾಯಿಲ್ ಇಲ್ಲ, ಕರೆಂಟು ಹೋದರೂ ಓಡುತ್ತವೆ.

ನನಗೆ ಆಶ್ಚರ್ಯ ಅನ್ನಿಸುವುದು ಒಂದೇ. ಪ್ರತಿಯೊಂದು ಜೋಡಿಯನ್ನೂ ಎರಡು ಕಡೆಯ ಹುರಿಯೂ ಹಿಡಿಯುವ ತನಕ ಕೋಶ ಭಾಗವಾಗುವುದಿಲ್ಲ. ಎಲ್ಲ ಸಿದ್ಧವಾಗಿ ಒಂದೇ ಒಂದು ಯಾರ ಕೈಗೂ ಸಿಗದೆ ಮೂಲೆಯಲ್ಲಿ ಉಳಿದಿದ್ದರೆ ಸಾಕು, ಆ ಒಂದು ಇಡೀ ಕೋಶವನ್ನು ‘ತಡೆ, ನಾನಿನ್ನೂ ಇದ್ದೇನೆ’ ಎಂದು ನಿಲ್ಲಿಸಿಬಿಡುತ್ತದೆ. ಅದನ್ನು ಬಿಟ್ಟು ಭಾಗವಾದರೆ ಎರಡು ಕಡೆಯೂ ಕೆಡುತ್ತದೆ. ನಾನು ದಿನವೆಲ್ಲ ಸೂಕ್ಷ್ಮದರ್ಶಕದಲ್ಲಿ ನೋಡುವುದು ಇದನ್ನೇ.

ದ್ಯಾವತ್ತೆಗೆ ನಾನು ಚೆನ್ನಾಗಿದ್ದೇನೆಂದು ಹೇಳಿ.

ರೂಪಶ್ರೀ

*

ಕಟ್ಟಾಯ
11-3-2001

ರೂಪಶ್ರೀಗೆ,

ಶಹಬ್ಬಾಸ್. ಓದಿಸಿದ್ದಕ್ಕೂ ಸಾರ್ಥಕ ಆಯ್ತು.

ನಿನ್ನ ಕಾಗದ ಬಂದ ದಿನವೇ ಪಂಚಾಯ್ತಿ ಸೇರಿತ್ತು. ಅರಕಲಗೂಡಿನ ಬೀಗರೂ ಬಂದಿದ್ದರು. ನಾನು ಜಗಲಿ ಮೇಲೆ ಕೂತು ಬಡ್ಕೊಂಡಿದ್ದೆ, ಹುಡುಗಿ ಒಪ್ಪಿಗೆ ಕಾಗದ ಬರೀತಾಳೆ, ನಮ್ಮನೆ ಕೂಸು ಎದುರಾಡೋದಲ್ಲ ಅಂತ. ಪೋಸ್ಟಿನವನು ತಂದು ಕೈಗೆ ಕೊಟ್ಟ. ನನ್ನ ಕನ್ನಡಕ ಒಳಗಿತ್ತು. ‘ಕೊಡ್ಲಾ ಇಲ್ಲಿ’ ಅಂತ ಮಂಚಯ್ಯ ಕಿತ್ಕೊಂಡು ಎಲ್ಲರ ಮುಂದೆ ಗಟ್ಟಿಯಾಗಿ ಓದಿದ.

ಎರಡು ಬದಿಯಿಂದ ಹುರಿ ಹಾಕಿ ಎಳೆಯೋದಂತೆ. ಒಂದು ಮೂಲೇಲಿ ಉಳಿದ್ರೆ ಭಾಗ ಆಗಲ್ಲವಂತೆ. ಬಿಟ್ಟು ಭಾಗ ಮಾಡಿದ್ರೆ ಎರಡು ಕಡೆಯೂ ಕೆಡುತ್ತಂತೆ! ಮಂಚಯ್ಯ ಓದಿ ಮುಗಿಸಿ ಕಾಗದ ಮಡಿಸಿ ನನ್ನ ಕೈಗಿಟ್ಟ. ಆಮೇಲೆ ಬೀಗರ ಕಡೆ ಯಜಮಾನ ಎದ್ದು ಟವಲ್ ಒದರಿ, ‘ಹುಡುಗಿ ಬಹಳ ಸೂಕ್ಷ್ಮವಾಗಿ ಬರೆದವಳೆ. ಅವಳಿಗೆ ಪಾಲು ಬೇಕು. ಮೂಲೇಲಿ ಉಳಿದಿರೋದು ಅವಳೇ. ಮೊದಲು ನಿಮ್ಮನಿಮ್ಮಲ್ಲಿ ಬಗೆಹರಿಸ್ಕೊಳ್ಳಿ’ ಅಂದು ಕಾಫಿಯನ್ನೂ ಕುಡೀದೆ ಹೋದ. ಅರುಣ್ ನನ್ನ ಮುಖ ನೋಡ್ದ. ನಿಮ್ಮವ್ವ ಒಳಗಿಂದ ಅತ್ಲು.

ಪಾಲು ಬೇಕಾದ್ರೆ ‘ದೊಡ್ಡಪ್ಪ, ನಂಗೆ ಪಾಲು ಬೇಕು’ ಅಂತ ಒಂದು ಸಾಲು ಬರಿ. ನಾನು ಹೊಡೆದಾಡ್ತೀನಿ, ಇಲ್ಲ ಕೊಡ್ತೀನಿ. ಈ ಹುರಿ, ಕೋಶ, ತಂತು ಅಂತ ಒಗಟು ಹಾಕಿ ನಾಲ್ಕು ಜನರ ಮುಂದೆ ನನ್ನ ಮಾನ ಕಳೀಬೇಡ. ನಂಗೆ ವಿದ್ಯೆ ಇಲ್ಲ. ಬೈಸ್ಕೊಂಡ್ರೆ ಗೊತ್ತಾಗುತ್ತೆ.

ಚಂದ್ರಯ್ಯ

*

ಮುಂಬಯಿ
25-3-2001

ದೊಡ್ಡಪ್ಪ,

ದೇವರಾಣೆಗೂ ನಾನು ಬರೆದದ್ದು ಬರೀ ನನ್ನ ಕೆಲಸದ ಮಾತು. ನೀವು ಕೇಳಿದಿರಿ, ನಾನು ಹೇಳಿದೆ. ಪಾಲಿನ ಯೋಚನೆ ನನ್ನ ತಲೆಯಲ್ಲಿ ಇರಲೇ ಇಲ್ಲ. ಬೇಕಿದ್ದರೆ ಬೀಗರಿಗೆ ಬೇರೆ ಕಾಗದ ಬರೆದುಕೊಡುತ್ತೇನೆ.

ಹೀಗೆ ಬರೆದು ಕಾಗದ ಮಡಿಸಿ ಇಟ್ಟಿದ್ದೆ. ಬೆಳಗ್ಗೆ ಮತ್ತೆ ತೆಗೆದೆ. ಅಷ್ಟು ಜನ ಕೂತು, ಮೂಲೆಯಲ್ಲಿ ಉಳಿದವರು ಯಾರು ಎಂದು ಯೋಚಿಸಿದಿರಲ್ಲ, ಎಲ್ಲರಿಗೂ ನನ್ನ ಹೆಸರೇ ಹೊಳೆಯಿತು. ಮುಂಬಯಿಯಲ್ಲಿ ಇರುವವಳು ಮೂಲೆಯಲ್ಲಿ ಇರುವುದು ಹೇಗೆ ದೊಡ್ಡಪ್ಪ? ನೀವು ಪಂಚಾಯ್ತಿ ಮಾಡುವಾಗ ಅದೇ ಜಗಲಿಯ ಆಚೆ ಕಾಫಿ ಸೋಸುತ್ತಿದ್ದವರು ಯಾರು?

ಪಾಲುಪತ್ರದಲ್ಲಿ ದ್ಯಾವತ್ತೆಗೆ ಏನು ಬರೆದಿದ್ದೀರಿ? ಅದನ್ನು ತಿಳಿಸಿ. ಆಮೇಲೆ ರುಜುವಿನ ಮಾತು.

ರೂಪಶ್ರೀ

*

ಕಟ್ಟಾಯ
15-4-2001

ರೂಪಶ್ರೀಗೆ,

ಕೇಳಿದ್ದಕ್ಕೆ ಹೇಳ್ತೀನಿ. ದ್ಯಾವಿ ನನ್ನ ಒಡಹುಟ್ಟಿದ ತಂಗಿ. ನುಗ್ಗೇಹಳ್ಳಿಗೆ ಕೊಟ್ಟಿದ್ವಿ. ಮಕ್ಕಳಾಗಲಿಲ್ಲ ಅಂತ ಆ ನನ್ಮಗ ಬಸ್ ಹತ್ತಿಸಿ ಕಳಿಸ್ದ. ಅವತ್ತಿಂದ ಈ ಮನೇಲೇ ಅವಳೆ. ನಿನ್ನನ್ನೂ ಅರುಣನನ್ನೂ ಸೊಂಟದಿಂದ ಇಳಿಸದೆ ಸಾಕಿದೋಳು ಅಂತ ನೀನು ನಂಗೆ ಪಾಠ ಹೇಳಬೇಕಾಗಿಲ್ಲ. ನೀನು ಹಾಸನದ ಕಾಲೇಜಿಗೆ ಹೋಗೋವಾಗ ಬಸ್ಸಿನ ತನಕ ಬ್ಯಾಟರಿ ಹಿಡ್ಕೊಂಡು ಬತ್ತಿದ್ದೋಳು ಅವಳೇ ಅಂತಾನೂ ಗೊತ್ತು.

ಒಂದು ತಿಂಗಳು ನಮ್ಮ ಮನೆ, ಒಂದು ತಿಂಗಳು ನಿಮ್ಮವ್ವನ ಮನೆ. ಹಂಗೆ ತೀರ್ಮಾನ ಆಗಿದೆ. ಎಲ್ಲ ಕಡೆ ನಡೆಯೋದೇ ಇದು. ಹೊಳೆನರಸೀಪುರದಲ್ಲಿ ನನ್ನ ಷಡ್ಡಕ ರಂಗಸ್ವಾಮಿ ಅವನ ಸ್ವಂತ ತಾಯೀನ ಹಂಗೇ ನೋಡ್ಕೊಂಡ, ಮುದುಕಿ ತೊಂಬತ್ತು ದಾಟ್ತು. ದ್ಯಾವಿ ಬೇಡ ಅನ್ನಲಿಲ್ಲ. ಹ್ಞೂಂ ಅಂತಾನೂ ಅನ್ನಲಿಲ್ಲ. ಅವಳು ಯಾವತ್ತು ಏನು ಅಂದಿದಾಳೆ?

ನಿಂಗೆ ಅಷ್ಟು ಕಕ್ಕುಲಾತಿ ಇದ್ರೆ ಕರ್ಕೊಂಡು ಹೋಗು. ಮುಂಬಯಿ ತೋರ್ಸು. ದೂರದಲ್ಲಿ ಕೂತು ಮರುಗೋದು ಸುಲಭ ಕಣವ್ವ, ಅದಕ್ಕೆ ಅಕ್ಕಿ ಬೇಯಿಸಬೇಕಾಗಿಲ್ಲ.

ರುಜುಗೆ ಯಾವತ್ತು ಬತ್ತೀಯ?

ಚಂದ್ರಯ್ಯ

*

ಕಟ್ಟಾಯ
8-7-2001

ರೂಪಶ್ರೀಗೆ,

ನನ್ನ ಕಾಗದಕ್ಕೆ ಉತ್ತರ ಇಲ್ಲ. ಕೋಪ ಬಂದಿದ್ರೆ ಕೋಪ ಬಂದಿದೆ ಅಂತ ಬರಿ. ನಾನು ಎಷ್ಟು ಕೋಪ ಮಾಡ್ಕೊಂಡ್ರೂ ಬರೀತೀನಿ.

ಇಲ್ಲಿ ಯಾವುದೂ ಮುಂದಕ್ಕೂ ಹೋಗ್ತಿಲ್ಲ, ಹಿಂದಕ್ಕೂ ಬತ್ತಿಲ್ಲ. ಗೋಡೆಗೆ ತರಿಸಿದ ಇಟ್ಟಿಗೆ ಅಂಗಳದಲ್ಲಿ ಬಿದ್ದಿದೆ. ನಡುಮನೆ ಹೆಂಚು ಸೋರುತ್ತೆ, ಯಾರೂ ಹತ್ತಲ್ಲ. ಯಾರ ಪಾಲಿಗೆ ಬರುತ್ತೋ ಅವರು ಹಾಕಿಸ್ಲಿ ಅಂತ ನನ್ನ ಹೆಂಡತೀನೂ ಅಂತಾಳೆ, ನಿಮ್ಮವ್ವನೂ ಅಂತಾಳೆ. ಅದೊಂದರಲ್ಲಿ ಇಬ್ಬರೂ ಒಗ್ಗಟ್ಟು. ಅರುಣ್ ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಯಲ್ಲೇ ಮಲಗ್ತಾನೆ, ವಾರಕ್ಕೊಂದು ಸಲ ಬಟ್ಟೆ ಒಗೆಸ್ಕೊಂಡು ಹೋಗೋಕೆ ಬತ್ತಾನೆ. ಬೀಗರು ಶ್ರಾವಣದ ತನಕ ನೋಡ್ತೀವಿ ಅಂದವರೆ.

ದ್ಯಾವೀದು ತಿಂಗಳ ಸರದಿ ಆಗಲೇ ಶುರು ಮಾಡಿದ್ವಿ, ಅಭ್ಯಾಸ ಆಗಲಿ ಅಂತ. ಮೊನ್ನೆ ನಲ್ಲಿ ಹತ್ರ ಪಾಚಿ ಮೇಲೆ ಕಾಲು ಜಾರಿ ಬಿದ್ಲು. ಹಾಸನಕ್ಕೆ ಕರ್ಕೊಂಡೋಗಿ ಗ್ಲೂಕೋಸ್ ಹಾಕಿಸ್ಕೊಂಡು ಬಂದೆ. ಈಗ ಓಡಾಡ್ತಾಳೆ. ಗಾಬರಿ ಆಗುವಂಥದ್ದು ಏನಿಲ್ಲ.

ಬಂದು ರುಜು ಹಾಕಿ ಹೋಗು. ಉಸಿರು ಕಟ್ಟಿದಂಗೆ ಆಗಿದೆ.

ಚಂದ್ರಯ್ಯ

*

ಮುಂಬಯಿ
20-7-2001

ದೊಡ್ಡಪ್ಪ,

ಕಾಲು ಜಾರಿದವರಿಗೆ ಯಾರೂ ಗ್ಲೂಕೋಸ್ ಹಾಕುವುದಿಲ್ಲ. ಕಾಲಿಗೆ ಪಟ್ಟಿ ಕಟ್ಟುತ್ತಾರೆ. ನಿಜವಾಗಿ ಏನಾಯಿತು?

ನಾನು ಬರೆಯದೇ ಇದ್ದದ್ದು ಕೋಪದಿಂದ ಅಲ್ಲ. ‘ಕರ್ಕೊಂಡು ಹೋಗು’ ಎಂದು ನೀವು ಬರೆದಿರಿ. ನಾನು ಇರುವುದು ಹಾಸ್ಟೆಲಿನ ಕೋಣೆ, ಇಬ್ಬರು ಹುಡುಗಿಯರ ನಡುವೆ ಒಂದು ಮಂಚ. ಅದನ್ನೂ ಖಾಲಿ ಮಾಡಿ ಎಂದು ಮಾರ್ಚಿನಲ್ಲೇ ಹೇಳಿದ್ದಾರೆ, ನನ್ನ ಅವಧಿ ಮುಗಿದಿದೆ. ಪ್ರತಿ ತಿಂಗಳು ಬೇಡಿಕೊಂಡು ಉಳಿಯುತ್ತಿದ್ದೇನೆ. ಇದನ್ನು ಹೇಗೆ ಬರೆಯಲಿ? ನಮ್ಮ ಹುಡುಗಿ ಮುಂಬಯಿಯಲ್ಲಿ ಓದುತ್ತಾಳೆ ಎಂದು ಊರಲ್ಲಿ ಹೇಳಿಕೊಳ್ಳುತ್ತೀರಿ.

ನನ್ನ ಕೆಲಸವೂ ಸಿಕ್ಕಿಹಾಕಿಕೊಂಡಿದೆ. ಹುರಿಯ ಎರಡು ಬದಿಗಳನ್ನು ದೂರ ತಳ್ಳುವುದೇ ಕೆಲಸವಾದ ಒಂದು ಮೋಟಾರ್ ಪ್ರೋಟೀನ್ ಇದೆ. ಅದನ್ನು ಮಾತ್ರ ಕಟ್ಟಿಹಾಕುವ ಔಷಧಿ ಈಗ ಎರಡು ವರ್ಷದ ಹಿಂದೆ ಸಿಕ್ಕಿತು. ಅದನ್ನು ಹಾಕಿದರೆ ಎರಡು ಬದಿ ಬೇರೆಯಾಗುವುದೇ ಇಲ್ಲ. ಮಧ್ಯದಲ್ಲಿ ಒಂದೇ ಗಂಟು, ಸುತ್ತ ವರ್ಣತಂತುಗಳೆಲ್ಲ ದಿಕ್ಕು ತೋಚದೆ ವೃತ್ತವಾಗಿ ನಿಂತುಬಿಡುತ್ತವೆ. ಕೋಶ ಒಂದಾಗಿಯೂ ಬಾಳುವುದಿಲ್ಲ, ಎರಡೂ ಆಗುವುದಿಲ್ಲ. ಔಷಧಿಯನ್ನು ತೊಳೆದರೆ ಮತ್ತೆ ಸರಿಹೋಗುತ್ತದೆ. ಎಷ್ಟು ಹೊತ್ತು ಹಾಗೆ ಸಿಕ್ಕಿಕೊಂಡಿದ್ದರೆ ಆಮೇಲೆ ತೊಳೆದರೂ ಸರಿಹೋಗುವುದಿಲ್ಲ ಎನ್ನುವುದು ನನ್ನ ಪ್ರಶ್ನೆ. ನನ್ನ ಗೈಡ್ ‘ಇನ್ನೊಂದು ಸಲ ಮಾಡು, ಇನ್ನೊಂದು ಸಲ ಮಾಡು’ ಎನ್ನುತ್ತಾರೆ, ಪ್ರಬಂಧ ಬರೆಯಲು ಬಿಡುತ್ತಿಲ್ಲ.

ಇದು ಒಗಟಲ್ಲ. ಪಂಚಾಯ್ತಿಯಲ್ಲಿ ಓದಿಸಬೇಡಿ.

ಅವ್ವ ವಾರಕ್ಕೊಮ್ಮೆ ಫೋನ್ ಮಾಡಿ ರುಜು ಹಾಕು ಅನ್ನುತ್ತಾಳೆ. ದ್ಯಾವತ್ತೆ ಬಿದ್ದದ್ದನ್ನು ಅವಳು ಒಂದು ಸಲವೂ ಹೇಳಲಿಲ್ಲ. ಅದೇ ನನಗೆ ಹೆದರಿಕೆ.

ರೂಪಶ್ರೀ

*

ಕಟ್ಟಾಯ
5-8-2001

ಮಗ,

ಬರೀಬಾರದು ಅಂತಿದ್ದೆ. ನೀನು ಗ್ಲೂಕೋಸಿನ ತಪ್ಪು ಹಿಡಿದೆ. ಇನ್ನು ಮುಚ್ಚಿಡೋಕೆ ಏನುಳೀತು.

ನಮ್ಮ ಮನೇಲಿ ತಿಂಗಳು ಅಂದ್ರೆ ಅಮಾಸೆಯಿಂದ ಅಮಾಸೆಗೆ. ನಮ್ಮಪ್ಪನ ಕಾಲದಿಂದ ಹಂಗೇ. ನಿಮ್ಮವ್ವನ ಒಲೇಲಿ ಗೋಡೆಗೆ ಕ್ಯಾಲೆಂಡರ್ ನೇತಾಕಿದೆ, ಅರುಣ್ ಮಂಡಿಯಿಂದ ತಂದಿದ್ದು. ಅಲ್ಲಿ ತಿಂಗಳು ಅಂದ್ರೆ ಒಂದನೇ ತಾರೀಖು. ಸರದಿ ಮಾತಾಡಿದಾಗ ಯಾವ ತಿಂಗಳು ಅಂತ ಯಾರೂ ಕೇಳಲಿಲ್ಲ. ತಿಂಗಳಿಗೆ ತಿಂಗಳು ಅಂದ್ವಿ, ಎಲ್ಲರೂ ತಲೆ ಆಡಿಸಿದ್ವಿ.

ಜೂನಿನ ಅಮಾಸೆ ಬಂತು. ನನ್ನ ಹೆಂಡತಿ ‘ನಮ್ಮ ತಿಂಗಳು ಮುಗೀತು’ ಅಂದ್ಲು. ದ್ಯಾವಿ ತನ್ನ ಸೀರೆ ಗಂಟು, ತಟ್ಟೆ, ಲೋಟ ಎತ್ಕೊಂಡು ಅಂಗಳ ದಾಟಿದ್ಲು. ನಿಮ್ಮವ್ವ ‘ನಮ್ಮದು ಒಂದನೇ ತಾರೀಖಿಂದ’ ಅಂದ್ಲು. ಬಾಯಿಬಿಟ್ಟು ಹೋಗು ಅನ್ನಲಿಲ್ಲವಂತೆ. ಕ್ಯಾಲೆಂಡರ್ ಕಡೆ ನೋಡಿದಳಂತೆ, ಅಷ್ಟೆ. ದ್ಯಾವಿ ಮತ್ತೆ ನಮ್ಮ ಬಾಗಿಲಿಗೆ ಬರಲಿಲ್ಲ. ಕೊಟ್ಟಿಗೆ ಪಕ್ಕದ ಕೋಣೇಲಿ ಗಂಟು ಇಟ್ಟು ಮಲಗಿದ್ಲು. ಅವರ ಮನೇಲಿ ಉಂಡವಳೆ ಅಂತ ನಾವು, ಇವರ ಮನೇಲಿ ಉಂಡವಳೆ ಅಂತ ಅವರು. ಕೇಳಿದ್ರೆ ‘ವ್ರತ ಹಿಡಿದಿದೀನಿ, ಒಪ್ಪತ್ತು’ ಅಂದ್ಲು. ಎರಡು ಮನೆಗೂ ಅದೇ ಮಾತು. ಒಂದನೇ ತಾರೀಖಿಗೆ ಹತ್ತು ದಿನ ಇತ್ತು, ಅಷ್ಟೂ ದಿನ ಹೊಟ್ಟೆಗೆ ಬಿದ್ದಿದ್ದು ಮಂಚಯ್ಯನ ಹೆಂಡತಿ ಕೊಟ್ಟ ಟೀ, ನಾಲ್ಕು ಸೀಬೆಕಾಯಿ. ನೀರು ಹಿಡಿಯೋಕೆ ಹೋದೋಳು ಕೊಡದ ಸಮೇತ ಬಿದ್ಲು. ಪಾಚಿ ಗೀಚಿ ಏನೂ ಇರಲಿಲ್ಲ.

ಹಾಸನದ ಡಾಕ್ಟರು ನನ್ನ ಮುಖಕ್ಕೇ ಕೇಳ್ದ, ‘ಯಜಮಾನ್ರೆ, ಹೊಟ್ಟೆಗೆ ಏನು ಹಾಕ್ತೀರಿ ಇವರಿಗೆ?’ ಅಂತ. ಮನೇಲಿ ಹತ್ತು ಪಲ್ಲ ರಾಗಿ ಇದೆ ಮಗ.

ಬಂದು ಎರಡೂ ಒಲೆಯವರನ್ನ ಅಂಗಳದಲ್ಲಿ ನಿಲ್ಲಿಸಿ ಬೈದೆ. ಬೈದಾಗ ಏನು ಕೇಳಿಸ್ಕೊಂಡೆ ಗೊತ್ತಾ? ನನ್ನ ಹೆಂಡತಿ ಕೇಳಿದ್ಲು: ‘ಸರಿ, ಈ ವರ್ಷ ಅಧಿಕ ಮಾಸ ಬತ್ತದೆ. ಆ ತಿಂಗಳು ಯಾರ ಪಾಲಿಗೆ?’

ದ್ಯಾವಿ ಅಲ್ಲೇ ಕಂಬ ಹಿಡ್ಕೊಂಡು ನಿಂತಿದ್ಲು. ‘ಅಣ್ಣ, ಬಿಡು, ಅಧಿಕ ಮಾಸದಲ್ಲಿ ನಂದು ಒಪ್ಪತ್ತೇ’ ಅಂದ್ಲು. ಲೇ, ಬಾಯಿ ಮುಚ್ಚೇ ಅಂತ ಅವಳಿಗೂ ಬೈದೆ. ನಂಗೆ ಬರೋದು ಅದೊಂದೇ.

ನೀನು ಹಾಸ್ಟೆಲ್ ಬಿಡಬೇಕಾದ್ದನ್ನ ನನಗ್ಯಾಕೆ ಮೊದಲೇ ಹೇಳಲಿಲ್ಲ? ಎಲ್ಲರೂ ವ್ರತ ಹಿಡಿದಿದೀರ ಈ ಮನೇಲಿ.

ದೊಡ್ಡಪ್ಪ

*

ಮುಂಬಯಿ
26-8-2001

ದೊಡ್ಡಪ್ಪ,

ಅವ್ವನಿಗೆ ಫೋನ್ ಮಾಡಿ ಕೇಳಿದೆ. ‘ಒಂದು ದಿನ ಅನ್ನ ಹಾಕಿದ್ರೆ ಅದೇ ರೂಢಿ ಆಗ್ತಿತ್ತು’ ಎಂದಳು. ಆಮೇಲೆ ಅತ್ತಳು. ನಾನು ಫೋನ್ ಇಟ್ಟೆ.

ನಾನು ಇಷ್ಟು ದಿನ ರುಜು ಹಾಕದೆ ಇದ್ದುದು ದ್ಯಾವತ್ತೆಯನ್ನು ಕಾಪಾಡಲು ಎಂದುಕೊಂಡಿದ್ದೆ. ಭಾಗ ನಿಂತರೆ ಅವಳಿಗೆ ಒಂದು ಮನೆ ಉಳಿಯುತ್ತದೆ ಎಂದು. ಸುಳ್ಳು. ಮನೆ ಆಗಲೇ ಒಡೆದಿತ್ತು, ನಾನು ತಡೆದದ್ದು ಬರೀ ಕಾಗದವನ್ನು. ಆ ತಡೆಯೊಳಗೆ ಸಿಕ್ಕಿಕೊಂಡವಳು ಅವಳೊಬ್ಬಳೇ. ದಿನವೆಲ್ಲ ಅದನ್ನೇ ಗಾಜಿನ ಮೇಲಿಟ್ಟು ನೋಡುವವಳಿಗೆ ಇದು ಹೊಳೆಯಲು ಆರು ತಿಂಗಳು ಬೇಕಾಯಿತು.

ಆದ್ದರಿಂದ ನೇರವಾಗಿ ಒಂದು ಸಾಲು ಬರೆಯುತ್ತೇನೆ, ನೀವು ಹೇಳಿಕೊಟ್ಟ ಹಾಗೆ. ದೊಡ್ಡಪ್ಪ, ನನಗೆ ಪಾಲು ಬೇಕು.

ಪೂರ್ತಿ ಬೇಡ. ಕೊಟ್ಟಿಗೆ ಪಕ್ಕದ ಆ ಕೋಣೆ, ಅದರ ಹಿಂದಿನ ತೆಂಗಿನ ಸಾಲು, ಕೆರೆ ಕೆಳಗಿನ ರಾಗಿ ಹೊಲದಲ್ಲಿ ಒಬ್ಬರು ವರ್ಷ ಉಣ್ಣುವಷ್ಟು. ಅದು ನನ್ನ ಹೆಸರಿಗೆ ಇರಲಿ. ದ್ಯಾವತ್ತೆ ಬದುಕಿರುವವರೆಗೆ ಅದು ಅವಳದ್ದು, ಅಲ್ಲಿ ಅವಳದೇ ಒಲೆ. ಯಾರ ತಿಂಗಳೂ ಅಲ್ಲ. ಉಳಿದದ್ದೆಲ್ಲ ಬಿಟ್ಟುಕೊಟ್ಟೆ ಎಂದು ಅದೇ ದಿನ ರುಜು ಹಾಕುತ್ತೇನೆ.

ಅಣ್ಣ ನನ್ನ ಜೊತೆ ಮಾತು ಬಿಡುತ್ತಾನೆ, ಗೊತ್ತು. ನಾನು ಊರು ಬಿಟ್ಟವಳು, ಇನ್ನು ಆ ಕೋಣೆಯ ಕಂದಾಯಕ್ಕೆ, ಹೆಂಚಿಗೆ, ಜಗಳಕ್ಕೆ ಕಟ್ಟಿಬೀಳುತ್ತೇನೆ, ಅದೂ ಗೊತ್ತು. ದಿನ ಗೊತ್ತುಮಾಡಿ ತಿಳಿಸಿ. ಇಲ್ಲಿ ರಜೆ ಕೊಡದಿದ್ದರೂ ಬರುತ್ತೇನೆ.

ರೂಪಶ್ರೀ

*

ಕಟ್ಟಾಯ
21-10-2001

ಮಗ ರೂಪಶ್ರೀ,

ತಡವಾಗಿ ಬರೀತಿದೀನಿ. ಮೊದಲು ಪಿತೃಪಕ್ಷ ಅಂದ್ರು, ಆಮೇಲೆ ಅಧಿಕ ಮಾಸ ಅಂದ್ರು. ಒಳ್ಳೇ ಕೆಲಸ ಮಾಡಬಾರದಂತೆ. ಕೆಟ್ಟ ಕೆಲಸಕ್ಕೆ ಈ ಊರಲ್ಲಿ ಯಾವತ್ತೂ ಮುಹೂರ್ತ ಕೇಳಲಿಲ್ಲ.

ಮೊನ್ನೆ ಪಂಚಾಯ್ತಿ ಸೇರಿಸ್ದೆ. ಕನ್ನಡಕ ಮೂಗಿನ ಮೇಲೇ ಇತ್ತು. ನಿನ್ನ ಕಾಗದ ನಾನೇ ಓದಿದೆ, ಆ ಒಂದು ಸಾಲು ಎರಡು ಸಲ ಓದಿದೆ. ಅರುಣ್ ಎದ್ದು ನಿಂತ. ‘ಹೆಣ್ಣುಮಗಳಿಗೆ ಮನೆ ಒಳಗೇ ಪಾಲು ಕೊಟ್ರೆ ನಾಳೆ ಅವಳ ಗಂಡ ಬಂದು ಕೂತ್ಕೋತಾನೆ’ ಅಂದ. ಮಂಚಯ್ಯನೂ, ‘ಕಿರಿಯ ಆರಿಸ್ಕೋಬೇಕು ಅನ್ನೋದು ಪದ್ಧತಿ, ಹುಡುಗಿ ಆರಿಸ್ಕೊಳ್ಳೋದು ಎಲ್ಲೈತ್ಲಾ ಚಂದ್ರ?’ ಅಂದ. ನಾನು ಅಂದೆ, ‘ಕಿರಿಯ ಅಂದ್ರೆ ಚಿಕ್ಕೋರು ಕಣ್ಲಾ. ಅವಳು ಅರುಣನಿಗಿಂತ ಮೂರು ವರ್ಷಕ್ಕೆ ಚಿಕ್ಕೋಳು. ಅವಳ ರುಜು ಇಲ್ದೆ ನಿಮ್ಮ ಭಾಗ ನಿಲ್ಲಲ್ಲ. ರುಜು ಬೇಕು, ಆಯ್ಕೆ ಬೇಡ ಅಂದ್ರೆ ಹೆಂಗೆ? ಭಾಗ ಮಾಡಿದ ಹಿರಿಯ ನಾನು. ಮೂರು ಮಾಡಿದೀನಿ. ಅವಳು ಆರಿಸಿಯೂ ಆಯ್ತು. ಇನ್ನು ಉಳಿದಿದ್ರಲ್ಲಿ ನೀವು ಆರಿಸ್ಕೊಳ್ಳಿ.’

ಕೂಗಾಟ ಆಯ್ತು. ನಾನೇ ಜಾಸ್ತಿ ಕೂಗಿದೆ. ಬೀಗರಿಗೆ ಸಾಕಾಗಿ, ‘ಏನೋ ಒಂದು ಮುಗಿಸಿ, ಕಾರ್ತೀಕದಲ್ಲಿ ಲಗ್ನ ಇಟ್ಕೊಳ್ಳಾಣ’ ಅಂದ್ರು. ಅರುಣ್ ಒಪ್ಪಿದ. ನಿಂಜೊತೆ ಮಾತಿಲ್ಲವಂತೆ, ನಂಜೊತೆಯೂ ಇಲ್ಲ. ಲಗ್ನದ ಕಾಗದದಲ್ಲಿ ನಿನ್ನ ಹೆಸರು ಹಾಕಿಸ್ತಾನೋ ಇಲ್ವೋ ನಂಗೆ ಗೊತ್ತಿಲ್ಲ. ಇಲ್ಲದಿದ್ರೂ ನೀನು ಬಾ, ನನ್ನ ಪಕ್ಕ ಕೂತ್ಕೋ.

ದ್ಯಾವಿ ಕುಣಿದಾಡ್ತಾಳೆ ಅಂದ್ಕೊಂಡಿದೀಯ? ಹೇಳಿದ ತಕ್ಷಣ ಅಳೋಕೆ ಶುರು ಮಾಡಿದ್ಲು. ‘ಇಷ್ಟು ವರ್ಷ ದುಡಿಸ್ಕೊಂಡು ಕೊನೆಗೆ ನನ್ನ ಬೇರೆ ಹಾಕಿದ್ರೇನಣ್ಣ? ಒಬ್ಬಳೇ ಒಲೆ ಹಚ್ಚೋಕೆ ನಾನೇನು ತಪ್ಪು ಮಾಡ್ದೆ?’ ಅಂದ್ಲು. ನುಗ್ಗೇಹಳ್ಳಿಯಿಂದ ಬಂದ ದಿವಸವೂ ಇಷ್ಟು ಅತ್ತಿರಲಿಲ್ಲ. ಹಸಿದು ಬಿದ್ದಾಗ ಅಳಲಿಲ್ಲ, ಅನ್ನ ಕೊಟ್ರೆ ಅಳ್ತಾಳೆ. ಈ ಹೆಂಗಸನ್ನ ಏನು ಮಾಡ್ಲಿ ಹೇಳು.

ನಿನ್ನೆ ಮಧ್ಯಾಹ್ನ ಆ ಕೋಣೇಲಿ ಮೊದಲನೇ ದಿನ ಒಲೆ ಹೊತ್ತಿಸಿದ್ಲು. ನಾನು ಅಂಗಳದಲ್ಲಿ ಇಟ್ಟಿಗೆ ಮೇಲೆ ಕೂತು ನೋಡ್ತಿದ್ದೆ. ಅಟ್ಟದಿಂದ ದೊಡ್ಡ ತಪ್ಪಲೆ ಇಳಿಸ್ಕೊಂಡು ಹೋದ್ಲು, ಒಟ್ಟಿಗೆ ಇದ್ದಾಗ ಮನೆಗೆಲ್ಲ ಬೇಯಿಸ್ತಿದ್ದ ತಪ್ಪಲೆ. ಅದರ ತುಂಬ ಎಸರು ಇಟ್ಟು ಎಲ್ಲರಿಗೂ ಆಗೋಷ್ಟು ಮುದ್ದೆ ತೊಳಸಿದ್ಲು. ಅವಳಿಗೆ ಕಡಿಮೆ ಬೇಯಿಸೋಕೆ ಕೈ ಬರಲ್ಲ ಮಗ. ಕಟ್ಟಿ ಸಾಲಾಗಿ ಇಟ್ಟು ಹೊಸಲಲ್ಲಿ ಬಂದು ಕೂತ್ಲು. ಕರೆಯಲಿಲ್ಲ. ಕರೆಯೋಕೆ ಅವಳಿಗೆ ಗೊತ್ತಿಲ್ಲ. ಈ ಬಾಗಿಲಲ್ಲಿ ನನ್ನ ಹೆಂಡತಿ, ಆ ಬಾಗಿಲಲ್ಲಿ ನಿಮ್ಮವ್ವ. ಇಬ್ಬರೂ ನಿಂತು ನೋಡಿದ್ರು, ಒಬ್ಬಳೂ ಕಾಲು ಎತ್ತಿಡಲಿಲ್ಲ. ಮೊದಲು ಹೋದೋಳು ಸೋತಂಗೆ ಅಂತ ಇಬ್ಬರಿಗೂ ಇತ್ತು. ಮುದ್ದೆ ಆರ್ತಾ ಬಂತು.

ನಾನು ಒಳಗೆ ಹೋಗಿ ನನ್ನ ತಟ್ಟೆ ತಗೊಂಡೆ. ‘ಆ ಕಡೆ ಹೋದ್ರೆ ಅಲ್ಲೇ ಇದ್ಬುಡಿ’ ಅಂದ್ಲು ನನ್ನ ಹೆಂಡತಿ. ಹೋದೆ. ಕೂತು ಉಂಡೆ. ಸಾರಿಗೆ ಉಪ್ಪು ಕಡಿಮೆ ಆಗಿತ್ತು, ಹೇಳಿದೆ. ಆವಾಗ ಅಳು ನಿಲ್ಲಿಸಿ ಉಪ್ಪಿನ ಡಬ್ಬಿ ತಂದು ಮುಂದೆ ಕುಕ್ಕಿದ್ಲು. ಉಳಿದ ಮುದ್ದೆಯೆಲ್ಲ ಹಸುವಿಗೆ ಹಾಕಿದ್ವಿ. ಸಾಯಂಕಾಲ ನಮ್ಮ ಮನೇಲಿ ನನಗೆ ಎಲೆ ಹಾಕಲಿಲ್ಲ. ನಾನೂ ಕೇಳಲಿಲ್ಲ.

ಆಯುಧ ಪೂಜೆ ಕಳೆದು ಸೋಮವಾರ, ಇಪ್ಪತ್ತೊಂಬತ್ತಕ್ಕೆ, ಹಾಸನದಲ್ಲಿ ರಿಜಿಸ್ಟ್ರಿ. ನೀನು ಬರ್ತಿರೋದು ಬಿಟ್ಟುಕೊಡೋಕಲ್ಲ, ತಗೊಳ್ಳೋಕೆ. ಹಾಗಾಗಿ ತಲೆ ಎತ್ಕೊಂಡು ಬಾ. ನಿನ್ನ ಮೇಷ್ಟ್ರು ರಜೆ ಕೊಡಲ್ಲ ಅಂದ್ರೆ ನಂಬರ್ ಕೊಡು, ಮಂಜುನಾಥನ ಬೂತಿನಿಂದ ನಾನೇ ಒಂದು ಮಾತು ಹೇಳ್ತೀನಿ.

ಬರೋವಾಗ ಅಲ್ಲಿಂದ ಒಂದು ಚಿಕ್ಕ ಪಾತ್ರೆ ತಗೊಂಡು ಬಾ. ಹಾಸನದಲ್ಲೂ ಸಿಗುತ್ತೆ, ನನ್ನ ಕೈಲಿ ತರೋಕಾಗಲ್ಲ. ನಾನು ತಂದ್ರೆ ಬೇರೆ ಹಾಕಿದ ಅಣ್ಣ ಪಾತ್ರೇನೂ ಕೊಟ್ಟು ಕಳಿಸ್ದ ಅಂತ ಅತ್ಕೊಂಡು ಕೂರ್ತಾಳೆ. ನೀನು ತಂದ್ರೆ ಮುಂಬಯಿ ಪಾತ್ರೆ ಅಂತ ಊರಿಗೆಲ್ಲ ತೋರಿಸ್ತಾಳೆ.

ಒಬ್ಬರ ಅಳತೇದು ತರಬೇಡ. ಇಬ್ಬರಿಗೆ ಆಗೋ ಅಂಥಾದ್ದು ತಾ.

ದೊಡ್ಡಪ್ಪ